ಸಂಭಾವಿತ ಹೆಣ್ಣುಮಗಳ ಏರುದನಿ

ಏಳು ವರ್ಷದ ಹಿಂದೆ ನಾನು ಗದಗಿನ ಒಂದು ಖಾಸಗಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಹಿರಿಯ ನರ್ಸ್ ಆಗಿದ್ದೆ. ನನ್ನ ಕೈಕೆಳಗೆ ಲಕ್ಷ್ಮೇಶ್ವರದ ಶಾಂತಾ ಇದ್ದಳು. ಮನೆಗೆ ಹೊರಟ ಬಾಣಂತಿಯರೆಲ್ಲ ಅವಳ ಕೈ ಹಿಡಿದು, “ಭಾಳ ಸಂಭಾವಿತ ಹೆಣ್ಣಮಗಳು ನೋಡ್ರಿ” ಎನ್ನುತ್ತಿದ್ದರು. ನಮ್ಮ ಕಡೆ ಆ ಮಾತು ಕಂಡಕಂಡವರಿಗೆ ಸಿಗುವುದಿಲ್ಲ. ಗುಣವಿದ್ದೂ ಮೆರೆಯದವರಿಗೆ, ದನಿ ಏರಿಸದವರಿಗೆ ಅನ್ನುತ್ತಾರೆ. ಇಪ್ಪತ್ತೆರಡು ವರ್ಷ ದುಡಿದ ನನಗೆ ಒಬ್ಬರೂ ಅಂದಿರಲಿಲ್ಲ. ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯುತ್ತಿತ್ತು. “ಸಂಭಾವಿತಳಂತ! ಬಾಯಿ ಬಿಡಾಕ ಧೈರ್ಯ ಇಲ್ಲದಕ್ಕ ಅದೊಂದು ಹೆಸರು” ಎಂದು ಆಯಾಗಳ ಮುಂದೆ ಆಡಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಕೊರ್ಲಹಳ್ಳಿಯ ನೀಲವ್ವನಿಗೆ ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲಲೇ ಇಲ್ಲ. ಅವಳಿಗೆ ತರಿಸಿದ ರಕ್ತ ವಾರ್ಡಿನ ಫ್ರಿಜ್ಜಿನಲ್ಲಿತ್ತು. ಚೀಲ ಏರಿಸುವ ಮೊದಲು ಇಬ್ಬರು ನರ್ಸ್‌ಗಳು ರೋಗಿಯ ಹೆಸರು, ನಂಬರು, ಬ್ಲಡ್ ಗ್ರೂಪ್ ಗಟ್ಟಿಯಾಗಿ ಓದಿ ತಾಳೆ ನೋಡಬೇಕು, ಇಬ್ಬರೂ ಸಹಿ ಮಾಡಬೇಕು. ಆಗ ಇದ್ದವಳು ಶಾಂತಾ ಒಬ್ಬಳೇ. ಕರೆದರೆ ಹಾಸಿಗೆ ಪಕ್ಕ ನಿಂತ ನೀಲವ್ವನ ಅವ್ವನೂ ಅವಳನ್ನೇ ಹೊಗಳುತ್ತಾಳಲ್ಲ ಎಂಬ ಸಂಕಟ ನನಗೆ. ಫ್ರಿಜ್ ತೆರೆದೆ, ‘ನೀಲವ್ವ’ ಎಂಬ ಹೆಸರು ಕಂಡಿತು, ಚೀಲ ತಂದು ಸ್ಟ್ಯಾಂಡಿಗೆ ಹಾಕಿದೆ.

ನಳಿಕೆ ಜೋಡಿಸುವಷ್ಟರಲ್ಲಿ ಚೀಲದ ಮೇಲಿನ ಚೀಟಿ ಕಂಡ ಶಾಂತಾ ಓಡಿಬಂದು ನನ್ನ ಮಣಿಕಟ್ಟು ಹಿಡಿದಳು.

“ಅಕ್ಕಾರ, ಕೈ ತಗೀರಿ! ಅದು ಕಳಸಾಪುರದ ನೀಲವ್ವಂದು!”

ಇಡೀ ವಾರ್ಡು ತಿರುಗಿ ನೋಡಿತು. ಅಯ್ಯೋ ಶಿವನೇ! ಮರುದಿನ ಆಪರೇಷನ್ ಇದ್ದ ಇನ್ನೊಬ್ಬ ನೀಲವ್ವನ ಚೀಲವದು, ಎ ಪಾಸಿಟಿವ್. ಇವಳದು ಬಿ. ಆ ರಕ್ತ ಏರಿದ್ದರೆ ಬಾಣಂತಿಯ ಜೀವಕ್ಕೇ ಕುತ್ತು. ನಳಿಕೆ ಬಿಟ್ಟು ಚೀಲ ಕೆಳಗಿಳಿಸಿದೆ. ಸರಿಯಾದ ಚೀಲ ತಂದು ಇಬ್ಬರೂ ಓದಿ ಏರಿಸಿದೆವು. ಸಂಜೆ ನೀಲವ್ವ ಕಣ್ಣು ಬಿಟ್ಟು ಕೂಸನ್ನು ಕೇಳಿದಳು.

“ಏನದು ಗದ್ದಲ?” ಎಂದರು ಡಾಕ್ಟರು. ಶಾಂತಾ ನನ್ನ ಕಡೆ ನೋಡಿ, “ಅಕ್ಕಾರು ಹೇಳ್ತಾರ್ರಿ” ಅಂದಳು. ಚಾಡಿ ಹೇಳಲಿಲ್ಲ, ನನಗಾಗಿ ಸುಳ್ಳೂ ಹೇಳಲಿಲ್ಲ. ನಾನೇ ಬಾಯಿ ಬಿಡಬೇಕಾಯಿತು, ಬಿಟ್ಟೆ. ಮೂರು ತಿಂಗಳು ನನ್ನನ್ನು ವಾರ್ಡಿನಿಂದ ತೆಗೆದು ಹೊರರೋಗಿಗಳ ಚೀಟಿ ಬರೆಯಲು ಕೂರಿಸಿದರು.

ಮನೆಗೆ ಹೊರಡುವ ದಿನ ನೀಲವ್ವನ ಅವ್ವ ಶಾಂತಾಳ ಕೈ ಹಿಡಿದು ಅದೇ ಮಾತು ಅಂದಳು. ತನಗಾಗಿ ಎಂದೂ ದನಿ ಏರಿಸದವಳು ಇನ್ನೊಬ್ಬರ ಮಗಳಿಗಾಗಿ ಏರಿಸಿದ್ದಳು. ಆ ಮಾತಿನ ಅರ್ಥ ನನಗೆ ತಿಳಿದದ್ದು ಆಗಲೇ. ತಿಳಿದರೂ ಹೊಟ್ಟೆ ಉರಿಯಿತು. ನಿವೃತ್ತಳಾದ ಮೇಲೂ ಆ ಉರಿ ಪೂರ್ತಿ ಆರಿಲ್ಲ. ಆದರೆ ವಾರ್ಡಿಗೆ ಮರಳಿದ ಮೇಲೆ ಅವಳನ್ನು ಕರೆಯದೆ ಒಂದು ಚೀಲವನ್ನೂ ನಾನು ಏರಿಸಲಿಲ್ಲ.