ಹೋಗ್ಲಿ ಬಿಡು

ಮೊದಲು ಕೈಕೊಟ್ಟದ್ದು ಕ್ಲಚ್. ಹಾಗಂತ ಮಿರೆಕ್ ಹೇಳಿದ. ಗ್ಯಾರೇಜಿನಲ್ಲಿ ಕೂತು ಬೈಕಿನ ಕೇಬಲ್ ಬದಲಾಯಿಸಿದ, ಎಣ್ಣೆ ಬಿಟ್ಟ. ಮರುದಿನ ಬೆಳಿಗ್ಗೆ ಚಹಾದ ಕಪ್ಪೂ ಅವನ ಕೈಯಿಂದ ಜಾರಿತು. ಕೆಟ್ಟದ್ದು ಕ್ಲಚ್ ಆಗಿರಲಿಲ್ಲ.

ಮೂರನೆಯ ದಿನ ಹಾಸಿಗೆಯಿಂದ ಏಳಲಾಗಲಿಲ್ಲ.

ನನ್ನ ಗಂಡ ಮಿರೆಕ್ ಚೆಕ್ ದೇಶದವನು. ಹದಿನಾರನೇ ವಯಸ್ಸಿನಿಂದಲೇ ಸ್ಪೀಡ್‌ವೇ ಬೈಕ್ ಓಡಿಸಿದವನು. ಮಣ್ಣಿನ ಟ್ರ್ಯಾಕು, ನಾಲ್ಕು ಜನ, ನಾಲ್ಕು ಸುತ್ತು, ಬೈಕಿಗೆ ಬ್ರೇಕೇ ಇಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಕೆನಡಾಕ್ಕೆ ಬಂದ ಮೇಲೂ ಚಟ ಬಿಡಲಿಲ್ಲ. ವಾರವಿಡೀ ಮಾಲ್ಟನ್ನಿನ ಫ್ಯಾಕ್ಟರಿಯಲ್ಲಿ ದುಡಿತ, ಬೇಸಿಗೆಯ ಶನಿವಾರ ರೇಸು. ಅದೇ ಫ್ಯಾಕ್ಟರಿಯಲ್ಲಿ ಹುಬ್ಬಳ್ಳಿಯ ನಾನು ಅವನಿಗೆ ಸಿಕ್ಕೆ. ಮದುವೆಯ ಸುದ್ದಿ ಕೇಳಿ ಅವ್ವ ಫೋನಿನಲ್ಲಿ ಕೇಳಿದ್ದು ಜಾತಿಯನ್ನಲ್ಲ. "ಬ್ರೇಕ್ ಇಲ್ಲದ ಗಾಡಿ ಹೊಡಿತಾನಂತ? ತಲಿ ನೆಟ್ಟಗ ಐತೇನ ಅವಂದು?"

ಆಸ್ಪತ್ರೆಯಲ್ಲಿ ಕಾಯಿಲೆಗೆ ಹೆಸರು ಸಿಕ್ಕಿತು: ಗಿಯಾನ್ ಬಾರೆ ಸಿಂಡ್ರೋಮ್. ಮೈ ಕಾಯಬೇಕಾದ ಶಕ್ತಿಯೇ ದಾರಿತಪ್ಪಿ ತನ್ನ ನರಗಳ ಮೇಲೆ ಬೀಳುವ ರೋಗ.

"ಮೋಸ್ಟ್ ಪೇಷಂಟ್ಸ್ ವಾಕ್ ಅಗೇನ್," ಎಂದರು ಡಾಕ್ಟರು.

"ಅಂಡ್ ರೇಸ್?" ಎಂದ ಮಿರೆಕ್.

ಅವರು ಚಾರ್ಟ್ ನೋಡುತ್ತ ನಿಂತರು.

ನನಗೆ ಒಳಗೊಳಗೇ ನೆಮ್ಮದಿಯಾಯಿತು. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಏಳು ವರ್ಷ ಟ್ರ್ಯಾಕಿನ ಬೇಲಿಯಾಚೆ ಕಣ್ಣು ಮುಚ್ಚಿಕೊಂಡು ನಿಂತವಳು ನಾನು. ನಡೆದರೆ ಸಾಕು, ಆ ದರಿದ್ರ ಬೈಕು ಹಾಳಾಗಿಹೋಗಲಿ ಎಂದುಕೊಂಡೆ.

ಐವಿ ಔಷಧಿ ಮುಗಿಯಿತು, ರಿಹ್ಯಾಬ್ ಶುರುವಾಯಿತು. ಎರಡು ಕಂಬಿಗಳ ನಡುವೆ ನಿಲ್ಲುವುದು, ಒಂದು ಹೆಜ್ಜೆ, ಕುಸಿಯುವುದು. ಬೆಟ್ಟದಂಥ ಆಳು ಹಾಗೆ ಬಿದ್ದಾಗ ಪ್ರತಿಸಲವೂ, "ಹೋಗ್ಲಿ ಬಿಡು, ಮಿರೆಕ್," ಎನ್ನುತ್ತಿದ್ದೆ. ಅವನು ನನ್ನನ್ನೊಮ್ಮೆ ದಿಟ್ಟಿಸಿ, ಹಲ್ಲು ಕಚ್ಚಿ, ಮತ್ತೆ ಏಳುತ್ತಿದ್ದ. ಎಂಥ ಮೊಂಡ ಎಂದುಕೊಂಡೆ.

ಒಂದು ದಿನ ಫಿಸಿಯೋಥೆರಪಿಸ್ಟ್ ಹುಡುಗಿ, ಇಷ್ಟು ಹಟ ಎಲ್ಲಿಂದ ಬಂತು ಎಂದು ಕೇಳಿದಳು.

ಮಿರೆಕ್ ನನ್ನತ್ತ ಬೆರಳು ಮಾಡಿದ. "ಮೈ ವೈಫ್. ವೆರಿ ಹಾರ್ಡ್ ಕೋಚ್. ಐ ಫಾಲ್, ಶೀ ಸೇಸ್, ಹೋಗ್ಲಿ! ಬಿಡು!" ಎನ್ನುತ್ತ ಎಡಗೈ ಮುಷ್ಟಿಯನ್ನು ಫಟ್ಟನೆ ತೆರೆದು ತೋರಿಸಿದ.

ರೇಸಿನ ಸ್ಟಾರ್ಟಿನಲ್ಲಿ ಎಡಗೈಲಿ ಕ್ಲಚ್ ಹಿಡಿದು ಕಾಯುತ್ತಾರೆ. ಮುಂದೆ ಅಡ್ಡ ಕಟ್ಟಿದ ಟೇಪು ಮೇಲೇಳುತ್ತಲೇ ಬಿಡುತ್ತಾರೆ. ಅದಕ್ಕೆ ಕನ್ನಡದಲ್ಲಿ 'ಬಿಡು' ಎಂದು ಹಿಂದೊಮ್ಮೆ ಹೇಳಿಕೊಟ್ಟವಳೂ ನಾನೇ.

ನಾನು ಆಸೆ ಬಿಡು ಎಂದಿದ್ದೆ. ಅವನಿಗೆ ಕೇಳಿಸಿದ್ದು, ಗಾಡಿ ಹೋಗಲಿ, ಕ್ಲಚ್ ಬಿಡು.

ವಾಶ್‌ರೂಮಿಗೆ ಹೋಗಿ ಬಿಕ್ಕಿಬಿಕ್ಕಿ ಅತ್ತೆ. ತಿದ್ದಲೇ? ಹೇಗೆ ತಿದ್ದಲಿ? ಮುಖ ತೊಳೆದು ಬರುವಷ್ಟರಲ್ಲಿ ಅವನು ಮತ್ತೆ ಕುಸಿದಿದ್ದ, ನನ್ನ ಬಾಯನ್ನೇ ನೋಡುತ್ತಿದ್ದ. "ಹೋಗ್ಲಿ ಬಿಡು!" ಎಂದು ಕೂಗಿದೆ. ಈ ಸಲ ಅವನ ಅರ್ಥದಲ್ಲೇ ಕೂಗಿದೆ.

ನಡೆದ. ಮೊದಲು ವಾಕರ್, ಆಮೇಲೆ ಕೋಲು, ಆಮೇಲೆ ಏನೂ ಇಲ್ಲ. ಎರಡನೆಯ ಬೇಸಿಗೆಗೆ ಡಾಕ್ಟರು ಗೊಣಗುತ್ತ ರೇಸಿನ ಒಪ್ಪಿಗೆಗೆ ಸಹಿ ಹಾಕಿದರು. ಚಳಿ ಬಿದ್ದರೆ ಪಾದ ಈಗಲೂ ಜುಮ್ಮೆನ್ನುತ್ತದೆ, ಕಾಯಿಲೆ ಇನ್ನೊಮ್ಮೆ ಬರುವುದಿಲ್ಲವೆಂದು ಯಾರೂ ಬರೆದುಕೊಟ್ಟಿಲ್ಲ. ಆದರೂ ಕಳೆದ ಶನಿವಾರ ತಿರುವಿನಲ್ಲಿ ನೆಲಕ್ಕೂರಿ ಜಾರಲು ಎಡಬೂಟಿಗೆ ಉಕ್ಕಿನ ಅಟ್ಟೆ ಬಿಗಿದು ಟ್ರ್ಯಾಕಿಗಿಳಿದ.

ಮೊದಲ ತಿರುವಿನಲ್ಲಿ ನಾಲ್ಕನೆಯವ. ಎರಡನೇ ಸುತ್ತಿಗೆ ಮೂರನೆಯವ. ಕಣ್ಣು ಮುಚ್ಚಲು ಪುರುಸೊತ್ತೇ ಸಿಗಲಿಲ್ಲ. ಕೊನೆಯ ಸುತ್ತಿನಲ್ಲಿ ಹೊರಗಿನಿಂದ ಹಾದು, ಮಣ್ಣು ಚಿಮ್ಮಿಸುತ್ತ, ಇಬ್ಬರನ್ನೂ ದಾಟಿದ.

ಗೆದ್ದ!

ಬೇಲಿಯ ಬಳಿಗೆ ತಾನೇ ನಡೆದು ಬಂದ. ಹೆಲ್ಮೆಟ್ ತೆಗೆದು, ನನ್ನ ಕೈ ಹಿಡಿದು ಹೇಳಿದ: "ಲಾಸ್ಟ್ ರೇಸ್. ನೌ ಐ ಸ್ಟಾಪ್. ನಿನಗೋಸ್ಕರ."

ಆ ಏಳು ವರ್ಷ ನಾನು ಕಾದಿದ್ದು ಇದೇ ಮಾತಿಗೆ.

"ಏನ್ ಮಾತಂತ ಆಡ್ತಿ?" ಎಂದೆ. "ಮುಂದಿನ ಶನಿವಾರ ಯಾರ್ ಓಡಸ್ತಾರ, ನಮ್ಮಪ್ಪೇನ?"