ಹೊಳಿ ಬಂದದ ಏನ್ರಿ?

ಕಂಟ್ರೋಲರ್ ಚಾಚಾರ ಎಡಗಿವಿಯ ಅಂಚಿನಲ್ಲಿ ಯಾವಾಗಲೂ ಸೀಮೆಸುಣ್ಣದ ಬಿಳಿ ಅಂಟಿಕೊಂಡಿರುತ್ತಿತ್ತು. ಅಫಜಲಪುರ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಒಳಗೆ ಅವರ ಕುರ್ಚಿ. ಕರಿಹಲಗೆಯ ಮೇಲೆ ಬಸ್ಸಿನ ವೇಳೆ ಬರೆದ ಕೈಯನ್ನೇ ಕಿವಿಗೆ ಆನಿಸಿ ಜನರ ಮಾತು ಕೇಳುವುದು ಅವರ ರೂಢಿ. ಕೇಳಿದವರ ಮುಖವನ್ನು ಅವರು ನೋಡಿದ್ದು ಕಡಿಮೆ. ದಖನಿ ಉರ್ದುವಿನಲ್ಲಿ ಕೇಳಿದರೆ ಉರ್ದುವಿನಲ್ಲಿ, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರ ಹೋಗುತ್ತಿತ್ತು. ಗಡಿಯ ಕಡೆಯಿಂದ ಬಂದ ಮುದುಕಿಯರಿಗೆ ಮರಾಠಿಯಲ್ಲಿ ಹೇಳಿ, ಬಸ್ಸು ನಿಲ್ಲುವ ಜಾಗವನ್ನೂ ಕೈ ಮಾಡಿ ತೋರಿಸುತ್ತಿದ್ದರು.

ನಿಲ್ದಾಣದ ಎದುರಿನ ಮಹಡಿಯಲ್ಲಿ ನಮ್ಮ ಸುದ್ದಿ ಜಾಲತಾಣದ ಆಫೀಸು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕಿನ ಸುದ್ದಿ ನಮ್ಮದು. ಬರೆಯುವವರು ಬೇರೆ, ಬರೆದದ್ದನ್ನು ಜನರ ಕಣ್ಣಿಗೆ ಬೀಳಿಸುವವಳು ನಾನು. ಯಾರಾದರೂ ಫೋನಿನಲ್ಲಿ ಏನನ್ನಾದರೂ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ನಮ್ಮ ಸುದ್ದಿಯ ಸಾಲು ಕಾಣುವಂತೆ ಜಾಹೀರಾತು ಹಾಕಬೇಕು. ಯಾವ ಮಾತು ಹುಡುಕಿದರೆ ನಾವು ಕಾಣಬೇಕು ಎಂದು ಒಂದು ಪಟ್ಟಿ, ಯಾವುದಕ್ಕೆ ಕಾಣಬಾರದು ಎಂದು ಇನ್ನೊಂದು. ಮಾದನಹಿಪ್ಪರಗಾದವಳು ನಾನು, ಕಲಬುರಗಿಯಲ್ಲಿ ಮೂರು ತಿಂಗಳ ಕೋರ್ಸು ಮುಗಿಸಿ ಬಂದಿದ್ದೆ. ಪ್ರಮಾಣಪತ್ರದ ಜಂಬ ಇನ್ನೂ ಮೂಗಿನ ತುದಿಯಲ್ಲೇ ಇತ್ತು.

ಒಂದು ಸಂಜೆ ಆಳಂದದ ಬಸ್ಸಿಗೆ ಕಾಯುತ್ತ ನನ್ನ ಪಟ್ಟಿಯನ್ನು ಚಾಚಾರಿಗೆ ತೋರಿಸಿದೆ. ‘ಸಂಚಾರ ಸ್ಥಗಿತ’, ‘ಪ್ರಯಾಣಿಕರ ಪರದಾಟ’ ಇಂಥವೇ ತುಂಬಿದ್ದವು.

“ಏನಬೇ, ಇವು ಯಾರ ಮಾತು?”

“ಸುದ್ದಿ ಭಾಷಾ ಚಾಚಾ.”

“ಈ ಕಿಟಕ್ಯಾಗ ಇಷ್ಟು ವರ್ಷ ಕುಂತೇನಿ. ಸಂಚಾರ ಸ್ಥಗಿತ ಆಗ್ಯಾದೇನ್ರಿ ಅಂತ ಒಬ್ಬರೂ ಕೇಳಿಲ್ಲ. ಗಾಡಿ ಬಂದ್ ಅವೇನ್ರಿ ಅಂತಾರ. ಕೇಳೋರ ಮಾತಿನ್ಯಾಗೇ ಜವಾಬು ಕೊಡಬೇಕು.”

ಬಸ್ಸು ಕಳಿಸುವವರಿಗೆ ನನ್ನ ಕೆಲಸ ಏನು ಗೊತ್ತು ಎಂದು ಸಿಟ್ಟೇ ಬಂತು. ಆದರೂ ಮರುದಿನ ‘ಗಾಡಿ ಬಂದ್’ ಎಂದು ಸೇರಿಸಿ ನೋಡಿದೆ. ಓದುಗರು ಬಂದರು. ಆಮೇಲೆ ದಿನಾ ಸಂಜೆ ಕಿಟಕಿಯ ಮುಂದೆ ನಿಂತರೆ ಸಾಕು, ಚಾಚಾ ತಲೆ ಎತ್ತದೆ, “ಇವತ್ತಿಂದು ಬರಕೋ” ಎಂದು ಅಂದು ಜನ ಕೇಳಿದ ಒಂದು ಮಾತನ್ನು ಹೇಳುತ್ತಿದ್ದರು.

ಆ ಬೆಳಿಗ್ಗೆ ನಮ್ಮಲ್ಲಿ ಒಂದು ಹನಿ ಮಳೆ ಇರಲಿಲ್ಲ. ಮಹಾರಾಷ್ಟ್ರದಲ್ಲಿ ಸುರಿದು, ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟಿದ್ದರು. ಭೀಮಾ ನದಿ ಏರಿ, ಜೇವರ್ಗಿಯ ಕಡೆಯಿಂದ ಗಾಣಗಾಪುರದ ಮೇಲೆ ನಮ್ಮೂರಿಗೆ ಬರುವ ದಾರಿಯ ಸೇತುವೆ ಬಂದ್ ಆಯಿತು. ನಮ್ಮ ವರದಿ ಬೇಗನೇ ಬಂದಿತ್ತು. ‘ಭೀಮಾ ಪ್ರವಾಹ’, ‘ಸೇತುವೆ ಬಂದ್’ ಎಂದು ನಾನೂ ಜಾಹೀರಾತು ಹಚ್ಚಿದ್ದೆ. ಗಂಟೆ ಕಳೆದರೂ ಓದಲು ಬಂದವರು ಬೆರಳೆಣಿಕೆಯಷ್ಟು. ಏನು ತಪ್ಪಿದೆ ಎಂದು ಪರದೆ ನೋಡುತ್ತ ಕೂತಿದ್ದಾಗ ಮೆಟ್ಟಿಲ ಮೇಲೆ ಚಾಚಾ ಕಾಣಿಸಿದರು. ಡ್ಯೂಟಿಯ ವೇಳೆಯಲ್ಲಿ ಅವರು ಕಿಟಕಿ ಬಿಟ್ಟು ಎದ್ದದ್ದನ್ನು ನಾನು ಅವತ್ತೇ ನೋಡಿದ್ದು.

“ಮಗಳು ಜೇವರ್ಗಿಯಿಂದ ಹೊಂಟಾಳ. ದಿನ ತುಂಬ್ಯಾವ. ಫೋನ್ ಹತ್ತವಲ್ದು.”

ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತಿದ್ದಳು. ಜೇವರ್ಗಿಯ ಕಂಟ್ರೋಲರಿಗೆ ಹೇಳಿ ಹುಡುಕಿಸುವಷ್ಟರಲ್ಲಿ ಕಾರು ಊರು ದಾಟಿತ್ತು.

“ಬ್ರಿಜ್ ತನಕ ಬಂದ್ರಂದ್ರ ಹಿಂದಿನ ಹಳ್ಳಕ್ಕೂ ನೀರು ಏರ್ತದ. ಇತ್ತ ಬರಾಕ ಆಗಂಗಿಲ್ಲ, ಅತ್ತ ಹೋಗಾಕ ಆಗಂಗಿಲ್ಲ. ಆಕಿ ಫೋನಿನ್ಯಾಗ ನೋಡದ ಹೊಂಡಾಕಿ ಅಲ್ಲ. ನಿಮ್ಮ ಸುದ್ದಿ ಯಾಕ ಕಾಣಲಿಲ್ಲ?”

“ಕಾಣತದ ಚಾಚಾ, ಹಾಕೇನಿ.”

ಅವರು ನನ್ನ ಫೋನು ತೆಗೆದುಕೊಂಡು, ಸೀಮೆಸುಣ್ಣದ ಒಂದೇ ಬೆರಳಿನಿಂದ ಇಂಗ್ಲಿಷ್ ಅಕ್ಷರದಲ್ಲಿ ‘ಹೊಳಿ ಬಂದದ ಏನು’ ಎಂದು ಒತ್ತಿದರು. ಪರದೆ ತುಂಬ ಬಣ್ಣದ ಪುಡಿ, ಪಿಚಕಾರಿ. ನಮ್ಮ ಸುದ್ದಿ ಎಲ್ಲೂ ಇಲ್ಲ.

ಹೋಳಿ ಹಬ್ಬದಲ್ಲಿ ಬಣ್ಣ ಹುಡುಕುವವರೆಲ್ಲ ನಮ್ಮ ಜಾಹೀರಾತು ಒತ್ತಿ, ಒತ್ತಿದಷ್ಟೂ ನಮ್ಮ ದುಡ್ಡು ಹೋಗುತ್ತಿತ್ತೆಂದು ಆ ಪದವನ್ನು ನಾನೇ ‘ಕಾಣಬಾರದು’ ಪಟ್ಟಿಗೆ ತಳ್ಳಿ, ಜಾಣೆ ಎಂದು ಬೀಗಿದ್ದೆ. ಹಬ್ಬದ ಹೋಳಿಯೂ ನಮ್ಮ ಕಡೆಯ ಹೊಳಿಯೂ ಇಂಗ್ಲಿಷ್ ಅಕ್ಷರದಲ್ಲಿ ಒಂದೇ. ನಮ್ಮಲ್ಲಿ ಪ್ರವಾಹ ಎನ್ನುವವರು ಯಾರು? ನದಿ ಉಕ್ಕಿದರೆ ‘ಹೊಳಿ ಬಂದದ’ ಎನ್ನುತ್ತೇವೆ. ಮನೆಯಲ್ಲಿ ನಾನೂ ಹಾಗೇ ಅನ್ನುವವಳು.

“ಚಾಚಾ, ಈ ಮಾತು ನಾನೇ ಮುಚ್ಚೇನಿ.”

ಅವರು ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ.

“ತೆಗಿ” ಎಂದರು, ಅಷ್ಟೇ.

ಮುಚ್ಚಿದ ಪಟ್ಟಿಯಿಂದ ಪದ ತೆಗೆದೆ. ‘ಹೊಳಿ ಬಂದದ’, ‘ಬ್ರಿಜ್ ಬಂದ್’ ಎಂದು ಇಂಗ್ಲಿಷ್ ಅಕ್ಷರದಲ್ಲೇ ಸೇರಿಸಿದೆ. ಜಾಹೀರಾತಿನ ಸಾಲನ್ನು ಮುಟ್ಟಲಿಲ್ಲ, ಮುಟ್ಟಿದರೆ ಜಾಹೀರಾತು ತೋರಿಸುವ ಕಂಪನಿಯ ಒಪ್ಪಿಗೆಗೆ ಮತ್ತೆ ಕಾಯಬೇಕಿತ್ತು.

“ಎಷ್ಟೊತ್ತು ಆಗ್ತದ?”

“ಗೊತ್ತಿಲ್ರಿ ಚಾಚಾ.”

ಅವರು ತಮ್ಮ ಫೋನನ್ನು ಎಡಗಿವಿಗೆ ಒತ್ತಿ ಹಿಡಿದು ಮಗಳಿಗೆ ಹಚ್ಚುತ್ತಲೇ ಇದ್ದರು. ನಾನು ಹುಡುಕುತ್ತಲೇ ಇದ್ದೆ. ಬಣ್ಣ, ಮತ್ತೆ ಬಣ್ಣ. ಕೆಳಗೆ ಖಾಲಿ ಕಿಟಕಿಯ ಮುಂದೆ ಜನ ಸೇರಿ ಬಡಿಯತೊಡಗಿದ್ದರು. ಚಾಚಾ ಆ ಕಡೆ ತಿರುಗಲಿಲ್ಲ. ಎಷ್ಟನೆಯ ಸಲವೋ, ಬಣ್ಣದ ಪುಡಿಯ ಮೇಲೆ ನಮ್ಮ ಸಾಲು ಬಂತು. ನಾನು ಫೋನು ಎತ್ತಿ ತೋರಿಸಿದೆ. ಅವರು ತಲೆಯಾಡಿಸಿ ಮತ್ತೆ ಮಗಳಿಗೆ ಹಚ್ಚಿದರು. ಅದು ಹತ್ತಲಿಲ್ಲ.

ಆಮೇಲೆ ಅವರ ಫೋನು ತಾನಾಗಿಯೇ ರಿಂಗಾಯಿತು. “ಹಾಂ ಬೇಟಿ. ಹಾಂ.” ಚಾಚಾ ಮೆಟ್ಟಿಲ ಮೇಲೆ ಕೂತರು. “ವಾಪಸ್ ಹೊಂಟಾರ” ಎಂದರು. ಮುಖ ಒರೆಸಿಕೊಂಡು, ಕಿಟಕಿಗೆ ಇಳಿದು ಹೋದರು. ಅವತ್ತೇ ಸಂಜೆ ಜೇವರ್ಗಿಯ ಆಸ್ಪತ್ರೆಯಲ್ಲಿ ಮೊಮ್ಮಗಳು ಹುಟ್ಟಿದಳು.

ನನ್ನ ತಪ್ಪಿನ ಬಗ್ಗೆ ನಮ್ಮ ಸಂಪಾದಕರಿಗೆ ಚಾಚಾ ಒಂದು ಮಾತೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ನನಗೆ ಧೈರ್ಯ ಇರಲಿಲ್ಲ. ಎರಡು ದಿನ ತಪ್ಪಿಸಿಕೊಂಡು ಓಡಾಡಿ, ಮೂರನೆಯ ಸಂಜೆ ತಲೆ ತಗ್ಗಿಸಿ ಕಿಟಕಿಯ ಮುಂದೆ ನಿಂತೆ. ಅವರು ತಲೆ ಎತ್ತದೆ, “ಇವತ್ತಿಂದು ಬರಕೋ” ಎಂದರು. ನನಗೆ ಅಳು ಬಂತು.

ಇಂದಿಗೂ ಯಾವುದೇ ಪದವನ್ನು ಮುಚ್ಚುವ ಮೊದಲು ನಾನು ನಿಲ್ದಾಣಕ್ಕೆ ಇಳಿದು ಹೋಗುತ್ತೇನೆ. ಯಡ್ರಾಮಿಯ ಬಸ್ಸಿಗೆ ಕಾಯುವವರ ನಡುವೆ ನಿಂತು ಆ ಮಾತನ್ನು ಯಾರು ಯಾವುದಕ್ಕೆ ಆಡುತ್ತಾರೆ ಎಂದು ಕೇಳಿಸಿಕೊಳ್ಳುತ್ತೇನೆ. ಹೊಸ ಕಂಟ್ರೋಲರ್ ನನ್ನನ್ನು ಅರೆಹುಚ್ಚಿ ಎಂದುಕೊಂಡಿರಬೇಕು.

ನಿವೃತ್ತಿಯಾದ ಮೇಲೆ ಚಾಚಾ ಹೆಚ್ಚು ದಿನ ಬದುಕಲಿಲ್ಲ. ಅವರ ಮನೆಗೆ ಹೋದಾಗ ಮಗಳು ನನ್ನ ಕೈ ಹಿಡಿದುಕೊಂಡಳು. ಪುಟ್ಟ ಹುಡುಗಿ ಅವಳ ಸೆರಗು ಜಗ್ಗುತ್ತಿದ್ದಳು.

“ದಾರ್ಯಾಗ ಚಹಾದ ಅಂಗಡಿ ಮುಂದ ಸಿಗ್ನಲ್ ಬಂತು ಅಕ್ಕಾ. ಮತ್ತೊಮ್ಮೆ ಹುಡುಕಿದೆ. ನಿಮ್ಮ ಸುದ್ದಿ ನೋಡೇ ಗಾಡಿ ತಿರುಗಿಸಿದ್ವಿ. ನಮ್ಮ ಅಬ್ಬಾ ಎಲ್ಲಾರ ಮುಂದ ಹೇಳ್ತಿದ್ರು, ಮೊಮ್ಮಗಳನ್ನ ಉಳಿಸಿದಾಕಿ ನೀವು ಅಂತ.”

ಆ ಹೊಗಳಿಕೆಯನ್ನು ಒಪ್ಪಿಕೊಳ್ಳಲು ನನ್ನಿಂದ ಆಗಲಿಲ್ಲ. “ಮನಿ ಬಿಡೋ ಮುಂದ ಹುಡುಕಿದಾಗ ಬರೇ ಬಣ್ಣ ಬಂದಿದ್ವಲ್ಲ, ಅದು ನನ್ನಿಂದಾನೇ” ಎಂದೆ.

“ಗೊತ್ತದ ಅಕ್ಕಾ” ಎಂದಳು. “ಮುಚ್ಚಿದಾಕಿ ತಾನೇ ಬಾಯಿಬಿಟ್ಟು ಹೇಳಿದ್ಲು, ಅದಕ್ಕ ನೀ ಉಳದಿ ಬೇಟಿ ಅಂತ ನನಗ ಅದನ್ನೂ ಹೇಳ್ತಿದ್ರು.”