ಆಲ್ಟನ್ ಮಾವನ ತೋರುಬೆರಳು

ನನ್ನ ಸೋದರಮಾವ ಆಲ್ಟನ್ ದೋಣಿ ಮಾರಿದ, ಬಿಳಿ ರಬ್ಬರ್ ಬೂಟು ಮಾತ್ರ ಮಾರಲಿಲ್ಲ. ಅವು ಅಡುಗೆಮನೆಯ ಬಾಗಿಲ ಹಿಂದೆ ಕರೆದರೆ ಹೊರಟೇವು ಎಂಬಂತೆ ನಿಂತೇ ಇದ್ದವು. ಚೆಸಪೀಕ್ ಕೊಲ್ಲಿಯ ನಮ್ಮ ದ್ವೀಪದಲ್ಲಿ ಗಂಡುಮಕ್ಕಳು ನಡೆಯುವುದನ್ನು ಕಲಿಯುವ ಮೊದಲೇ ದೋಣಿಯಲ್ಲಿ ಕೂರುತ್ತಾರೆ. ಮಾವ ಆಯುಷ್ಯವನ್ನೆಲ್ಲ ನೀಲಿ ಏಡಿ ಹಿಡಿದೇ ಕಳೆದವನು. ಒಂದು ಸಂಜೆ ದೋಣಿಯಲ್ಲೇ ಎದೆ ಹಿಡಿದುಕೊಂಡು ಬಿದ್ದ. ಇಂಜಿನ್ ಓಡುತ್ತಲೇ ಇತ್ತು, ಹಿಡಿಯುವವರಿಲ್ಲದ ದೋಣಿ ನೀರಿನ ಮೇಲೆ ಸುಮ್ಮನೆ ಸುತ್ತು ಹಾಕುತ್ತಿತ್ತು. ಅವನ ಹೆಂಡತಿ ವರ್ನಾ ಅತ್ತೆ ದಕ್ಕೆಯ ಮೇಲೆ ನಿಂತು ಅದನ್ನು ನೋಡಿದಳು. ಅವನು ಬದುಕಿ ಮನೆಗೆ ಬಂದ ದಿನವೇ ಅವಳು ಮಾತು ತೆಗೆದುಕೊಂಡಳು: ಇನ್ನು ಏಡಿಯ ಸಹವಾಸ ಬೇಡ. ಮಾವ ಮಾತು ಕೊಟ್ಟ. ಹೆಂಡತಿಯ ಹೆಸರಿಟ್ಟಿದ್ದ ದೋಣಿಯನ್ನು ಪಕ್ಕದ ದಕ್ಕೆಯ ಡ್ವೇನ್‌ಗೆ ಮಾರಿದ.

ಆಮೇಲೆ ಅವನನ್ನು ನೋಡುವುದೇ ಕಷ್ಟವಾಯಿತು. ಬೆಳಗಾಗುವ ಮೊದಲೇ ಎದ್ದು ಕಿಟಕಿಯ ಹತ್ತಿರ ಕೂರುವನು. ತನ್ನ ಹಳೆಯ ದೋಣಿಯ ಸದ್ದು ದೂರವಾಗುವವರೆಗೆ ಕಾಫಿ ಮುಟ್ಟುವವನಲ್ಲ. ಗಾಳಿ ತಿರುಗಿದರೆ ಅವನ ಮುಖವೂ ತಿರುಗುತ್ತಿತ್ತು. ಅತ್ತೆ ಪ್ರತಿ ಶನಿವಾರ ಪದರ ಪದರವಾಗಿ ಕೇಕ್ ಮಾಡಿಟ್ಟಳು, ಹೊಸ ಕುರ್ಚಿ ತರಿಸಿದಳು, ಒಲೆ ಆರದಂತೆ ನೋಡಿಕೊಂಡಳು. ಅವನಿಗೆ ಬೇಕಾಗಿದ್ದದ್ದು ಅವಳು ಕೊಡಲಾರದ ಒಂದೇ ವಸ್ತು.

ಹುಟ್ಟುಗುಣ ಸುಟ್ಟರೂ ಹೋಗದು. ಅಂಚೆ ತರುತ್ತೇನೆಂದು ಹೊರಟವನು ಡ್ವೇನ್‌ನ ಏಡಿ ಗುಡಿಸಲಿಗೆ ಹೋಗತೊಡಗಿದ. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಆ ಗುಡಿಸಲಿನಲ್ಲಿ, ಚಿಪ್ಪು ಕಳಚಲಿರುವ ಏಡಿಗಳನ್ನು ಕೊಲ್ಲಿಯ ನೀರು ಹರಿಯುವ ತೊಟ್ಟಿಗಳಲ್ಲಿ ಬಿಟ್ಟಿರುತ್ತಾರೆ. ಹಿಂಗಾಲಿನ ಅಂಚಿನಲ್ಲಿ ಕೆಂಪು ಗೆರೆ ಮೂಡಿದ್ದನ್ನು ಆರಿಸಿ ಬೇರೆ ಮಾಡಬೇಕು, ಇಲ್ಲವಾದರೆ ಅದು ಚಿಪ್ಪು ಬಿಟ್ಟು ಮೆತ್ತಗಾದ ಗಳಿಗೆಯಲ್ಲಿ ತೊಟ್ಟಿಯ ಉಳಿದ ಏಡಿಗಳೇ ತಿಂದುಹಾಕುತ್ತವೆ. ಮಾವ ಮೊಣಕೈವರೆಗೆ ನೀರಿನಲ್ಲಿ ಕೈಯಿಟ್ಟು ಆರಿಸುವನು. ಕಾಸು ಕೇಳುತ್ತಿರಲಿಲ್ಲ. ದೋಣಿ ಹತ್ತಲಿಲ್ಲವಲ್ಲ ಎಂದು ತನ್ನ ನ್ಯಾಯ ತಾನೇ ಹೇಳಿಕೊಂಡಿದ್ದ. ಊರಿಗೆಲ್ಲ ಗೊತ್ತಿತ್ತು. ಸೀನಿದರೂ ಸುದ್ದಿಯಾಗುವ ನಮ್ಮೂರಿನಲ್ಲಿ ಅತ್ತೆಯ ಕಿವಿಗೆ ಮಾತ್ರ ಅದು ಬೀಳಲಿಲ್ಲ.

ಆಗಲೇ ಒಂದು ಏಡಿ ಅವನ ಬಲಗೈಯ ತೋರುಬೆರಳನ್ನು ಕಚ್ಚಿತು. ಎಲ್ಲರಿಗೂ ಕಚ್ಚುತ್ತದೆ, ಎಲ್ಲರಿಗೂ ಮಾಯುತ್ತದೆ. ಇವನದು ಮಾಯಲಿಲ್ಲ. ಬೆರಳು ಊದಿ ನೇರಳೆಯಾಯಿತು, ಗಂಟುಗಳು ಕೈಯ ಮೇಲೇರತೊಡಗಿದವು. ಮಾತ್ರೆಗಳು ನಾಟಲಿಲ್ಲ.

ಆಚೆ ದಡದ ಆಸ್ಪತ್ರೆಯ ಲ್ಯಾಬಿನಲ್ಲಿ, ಬರುವ ಮಾದರಿಗಳನ್ನು ತೆಗೆದುಕೊಳ್ಳುವ ಕಿಟಕಿಯ ಕೆಲಸ ನನ್ನದು. ರೋಗಾಣು ಬೆಳೆಸಿ ನೋಡಬೇಕಾದ ಮಾಂಸದ ಚೂರನ್ನು ಶುದ್ಧ ಡಬ್ಬಿಯಲ್ಲಿ, ನಾಲ್ಕು ಹನಿ ಸಲೈನಿನಲ್ಲಿ ಕಳಿಸಬೇಕು. ಕೊಳೆಯದಂತೆ ಇಡುವ ಫಾರ್ಮಲಿನ್‌ಗೆ ಹಾಕಿದರೋ ರೋಗಾಣು ಸತ್ತು ಕೆಲಸ ಕೆಟ್ಟಿತು. ಜೊತೆಗೆ ಗಾಯದ ಕತೆಯೂ ಬರಬೇಕು: ಯಾರ ಬೆರಳು, ಎಲ್ಲೆಲ್ಲಿ ಆಡಿದ ಬೆರಳು. ನೀರಿನ ಕೆಲಸದವರ ಗಾಯವಾದರೆ ಆ ಚೂರನ್ನು ನಮ್ಮ ಮೈಯಷ್ಟೇ ಬಿಸಿಯಿರುವ ಪೆಟ್ಟಿಗೆಯಲ್ಲಷ್ಟೇ ಅಲ್ಲ, ತಂಪಾದ ಇನ್ನೊಂದರಲ್ಲೂ ಇಡುತ್ತಾರೆ. ಕೆಲವು ನೀರಿನ ರೋಗಾಣುಗಳು ತಂಪಿನಲ್ಲೇ ಚೆನ್ನಾಗಿ ಬೆಳೆಯುತ್ತವೆ.

ಮಾವನ ಡಬ್ಬಿಯ ಜೊತೆ ಆ ಕತೆ ಬರಲಿಲ್ಲ. ಮೀನು, ಏಡಿ, ಉಪ್ಪುನೀರು ಏನಾದರೂ ಉಂಟೇ ಎಂದು ಡಾಕ್ಟರಮ್ಮ ಕೇಳಿದ್ದಕ್ಕೆ, ಅತ್ತೆ ಪಕ್ಕದಲ್ಲೇ ಅವನ ಕೋಟು ಹಿಡಿದು ಕೂತಿದ್ದಳಲ್ಲ, ಎಲ್ಲ ಬಿಟ್ಟು ಬಹಳ ಕಾಲವಾಯಿತು ಎಂದುಬಿಟ್ಟ. ನಾವು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ವಾರಗಟ್ಟಲೆ ಕಾದೆವು. ಏನೂ ಬೆಳೆಯಲಿಲ್ಲ. ಇನ್ನೊಂದು ಚೂರು ತೆಗೆದು ನೋಡೋಣ, ಅದರಲ್ಲೂ ಸಿಗದೆ ರೋಗ ಎಲುಬಿಗಿಳಿದರೆ ಬೆರಳನ್ನೇ ತೆಗೆಯಬೇಕಾದೀತು ಎಂದರು ಡಾಕ್ಟರಮ್ಮ.

ರೋಗಿ ಹೇಳದ್ದನ್ನು ನಾನು ಬರೆಯುವಂತಿಲ್ಲ. ದ್ವೀಪಕ್ಕೆ ಮರಳುವ ಲಾಂಚಿಗೆ ಕಾಯುವಾಗ ಅವನನ್ನು ಹಿಡಿದು ನಿಲ್ಲಿಸಿ, ಡಾಕ್ಟರಮ್ಮನಿಗೆ ನಿಜ ಹೇಳು ಎಂದೆ.

"ಹೇಳಿದ್ರೆ ವರ್ನಾ ಮುಖ ನೋಡೋದು ಹೇಗೆ? ಬೆರಳು ಹೋದ್ರೆ ಹೋಗ್ಲಿ ಬಿಡು ಮಗಾ, ಇನ್ನೂ ಒಂಬತ್ತಿವೆ."

ನನಗೆ ಸಿಟ್ಟು ಬಂತು. "ಆ ಒಂದಿಲ್ದೆ ಏಡಿ ಹೇಗೆ ಹಿಡೀತೀಯಾ ಮಾವ?"

ಅವನು ಏಡಿಯನ್ನು ಹಿಂದಿನಿಂದ ಎತ್ತುವ ಹಾಗೆ ಹೆಬ್ಬೆರಳನ್ನೂ ತೋರುಬೆರಳನ್ನೂ ಗಾಳಿಯಲ್ಲಿ ಕೂಡಿಸಲು ನೋಡಿದ. ಬೆರಳು ಬಾಗಲಿಲ್ಲ.

ಎರಡನೆಯ ಚೂರು ತೆಗೆದ ದಿನ ಡಬ್ಬಿ ಒಯ್ಯಲು ನಾನೇ ಮೇಲಿನ ಮಹಡಿಗೆ, ಡಾಕ್ಟರಮ್ಮನ ಕೋಣೆಗೆ ಹೋಗಿದ್ದೆ. ಡಾಕ್ಟರಮ್ಮ ಚೀಟಿ ಬರೆಯುತ್ತಿದ್ದರು.

"ಏಡಿ ಹಿಡಿಯೋನು ಅಂತ ಬರ್ಕೊಳ್ಳಿ ಅಮ್ಮಾ," ಎಂದ ಮಾವ. "ಈಗ್ಲೂ."

ಡ್ವೇನ್‌ನ ಗುಡಿಸಲಿನ ಕತೆಯನ್ನು ನೆಲ ನೋಡಿಕೊಂಡು ಪೂರ್ತಿ ಹೇಳಿದ. ಪಕ್ಕದಲ್ಲಿ ಕೂತಿದ್ದ ಅತ್ತೆ ಮಡಿಲಲ್ಲಿದ್ದ ಅವನ ಕೋಟನ್ನು ಬಿಚ್ಚಿ ಮತ್ತೆ ಮಡಿಸಿದಳು. ಲಾಂಚಿನಲ್ಲಿ ಒಳಗೆ ಬರದೆ ಗಾಳಿಗೆ ಮುಖ ಕೊಟ್ಟು ಹೊರಗೇ ನಿಂತಳು. ಮಾವ ಹತ್ತಿರ ಹೋದಾಗ ತಿರುಗಲಿಲ್ಲ.

"ಆ ದೋಣಿ ಸುತ್ತೋದು ಈಗ್ಲೂ ನನ್ನ ಕಣ್ಮುಂದೆ ಇದೆ," ಎಂದಳು. "ನಿನಗೆ ನೀರು ಬೇಕು, ಗೊತ್ತು. ನನಗೆ ನೀನು ಬೇಕು."

ಮುಂದಿನ ಶನಿವಾರಗಳಲ್ಲಿ ಕೇಕ್ ಇರಲಿಲ್ಲ. ಮಾವ ಅಂಚೆ ತರಲೂ ಹೋಗಲಿಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಒಬ್ಬರಿಗೊಬ್ಬರು ಹಂಬಲಿಸಿಕೊಂಡು ಕೂತಿದ್ದರು.

ಡಾಕ್ಟರಮ್ಮನ ಫೋನು ಬಂದ ದಿನ ನಾನು ಮಾವನ ಮನೆಯಲ್ಲೇ ಇದ್ದೆ. ಬಿಸಿ ಪೆಟ್ಟಿಗೆಯಲ್ಲಿ ಈ ಸಲವೂ ಏನೂ ಇಲ್ಲ, ತಂಪಿನದರಲ್ಲಿ ಬೆಳೆದಿದೆ. ಹೆಸರು ಸಿಕ್ಕಿತು, ಮದ್ದೂ ಉಂಟು, ಬೆರಳು ಉಳಿಯುತ್ತದೆ. ಆದರೆ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು, ಗಾಯ ಮಾಯುವವರೆಗೆ ಕೊಲ್ಲಿಯ ನೀರು ಮುಟ್ಟುವಂತಿಲ್ಲ.

ತಂಪಿನಲ್ಲಿ ಬೆಳೆಯಿತು ಅಂದರೇನು ಎಂದು ಅತ್ತೆ ನನ್ನನ್ನು ಕೇಳಿದಳು. ಹೇಳಿದೆ. ಅವಳು ಒಲೆಯ ಪಕ್ಕದ ಹೊಸ ಕುರ್ಚಿಯನ್ನೂ ಅದರಲ್ಲಿ ಕೂತವನನ್ನೂ ನೋಡಿದಳು.

"ನಿನ್ನ ಹಾಗೇ ನೋಡು. ಬೆಚ್ಚಗಿಟ್ರೆ ಬದುಕೋದಿಲ್ಲ."

ಮಾವ ನಕ್ಕ, ನಗುತ್ತಲೇ ಅತ್ತ. ಅತ್ತೆ ಎದ್ದು ಬಾಗಿಲ ಹಿಂದಿನ ಬೂಟು ಎತ್ತಿಕೊಂಡಳು. ಹೊರಗೆಸೆಯುತ್ತಾಳೆಂದೇ ನಾನು ತಿಳಿದೆ. ಅವಳು ತನ್ನ ಕಾಲನ್ನೇ ಅದರೊಳಗಿಟ್ಟು, ನಡಿ ಎಂದಳು.

ಡ್ವೇನ್‌ನ ಗುಡಿಸಲಿನಲ್ಲಿ ಮಾವ ಬೆಂಚಿನ ಮೇಲೆ ಕೂತ, ಬಲಗೈ ಪ್ಲಾಸ್ಟಿಕ್ ಚೀಲದೊಳಗೆ. ಅವನು ಗಲ್ಲದಿಂದಲೇ ತೋರಿಸುವನು, ಅತ್ತೆ ಅಂಗಿಯ ತೋಳು ಮಡಚಿ ಆರಿಸುವಳು. ಕೆಂಪು ಗೆರೆ ಅವಳಿಗೆ ಕಾಣದು, ಇವನು ಗೊಣಗುವನು, ಅವಳು ಸುಮ್ಮನಿರು ಎನ್ನುವಳು. ಒಂದಷ್ಟು ಹೊತ್ತಿನ ಮೇಲೆ ಮಾವ ತೊಟ್ಟಿಯ ಕಡೆಗೆ ಬಾಗಿದ.

"ನೀರು ಹೇಗಿದೆ?"

ಅತ್ತೆ ಒದ್ದೆ ಕೈಯನ್ನು ಒರೆಸದೆ ತಂದು ಅವನ ಕೆನ್ನೆಗೆ ಒತ್ತಿ ಹಿಡಿದಳು.

"ಹೀಗಿದೆ," ಎಂದಳು.